ಮೂರನೇ ದೃಶ್ಯದಲ್ಲಿ ಮಾತಾಡಿದ್ದು ಯಾರು?

"ಇದರಲ್ಲಿ ಯಾರೂ ಉಸಿರೇ ಆಡಲ್ವಲ್ಲ?"

ನನ್ನ ಮೊಟ್ಟಮೊದಲ ನಾಟಕವನ್ನು ಓದಿ ಅವನು ಹೇಳಿದ ಮೊಟ್ಟಮೊದಲ ಮಾತು ಇದು. ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟು, ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, ತುಂಬ ವಿನಯದಿಂದ ಹೇಳಿದ. ವಿನಯದಿಂದ ಹೇಳಿದ್ದಕ್ಕೇ ನನಗೆ ಮೈಯೆಲ್ಲ ಉರಿಯಿತು.

"ಅಂದ್ರೆ?"

"ರಾಜಕುಮಾರಿ ಒಂದೂವರೆ ಪುಟ ಮಾತಾಡ್ತಾಳೆ. ಅವಳು ನಿಲ್ಲಿಸಿದ ತಕ್ಷಣ ಮಂತ್ರಿ ಎರಡು ಪುಟ. ಮಧ್ಯೆ ಒಬ್ಬರಾದ್ರೂ ನೀರು ಕುಡೀಬೇಡ್ವಾ?"

ಅವನ ನಾಟಕ ನನ್ನ ಕೈಯಲ್ಲಿತ್ತು. ಅಕ್ಕಪಕ್ಕ ಕೂತವರ ಸ್ಕ್ರಿಪ್ಟುಗಳನ್ನು ಮೇಷ್ಟ್ರು ಅದಲುಬದಲು ಮಾಡಿಸಿದ್ದರು. ಪುಟಕ್ಕೆ ಐದಾರು ಮಾತು, ಉಳಿದದ್ದೆಲ್ಲ ಕಂಸದೊಳಗೆ. ವಿರಾಮ. ದೀರ್ಘ ವಿರಾಮ. ಅವಳು ಅವನನ್ನು ನೋಡುತ್ತಾಳೆ. ಮತ್ತೆ ವಿರಾಮ.

"ನಿನ್ನದರಲ್ಲಿ ಬರೀ ಉಸಿರೇ ಇದೆ," ಅಂದೆ. "ಇದೇನು ನಾಟಕನಾ, ನಿದ್ದೆನಾ?"

ತರಗತಿ ನಕ್ಕಿತು. ಮೇಷ್ಟ್ರೂ ನಕ್ಕರು. ರಂಗಕ್ಕೆ, ಸಿನಿಮಾಕ್ಕೆ, ರೇಡಿಯೋಕ್ಕೆ ಬರೆದು ಬರೆದು ಬೆನ್ನು ಬಾಗಿದ್ದ ಅವರು ಒಂದು ಫರ್ನಿಚರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಸಂಜೆ ತರಗತಿ ನಡೆಸುತ್ತಿದ್ದರು. ಮೆಟ್ಟಿಲ ಮೇಲೆ ವಾರ್ನಿಶ್ ವಾಸನೆ. ಒಳಗೆ ಮಾರಾಟವಾಗದೆ ಉಳಿದ ಕುರ್ಚಿಗಳು, ಒಂದರ ಎತ್ತರ ಒಂದಕ್ಕಿಲ್ಲ.

"ಇವಳು ಅಜ್ಜಿಕತೆ, ಇವನು ವಿರಾಮ," ಎಂದರು. "ಇಬ್ಬರನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸಿದ್ರೆ ಒಂದು ನಾಟಕ ಆದ್ರೂ ಆದೀತು."

ಅಲ್ಲಿಂದಾಚೆ ಎಲ್ಲರ ಬಾಯಲ್ಲೂ ಅವೇ ಹೆಸರು ನಿಂತವು.

ಅಜ್ಜಿಕತೆ ಅಂದದ್ದು ಸುಳ್ಳೇನಲ್ಲ. ಅಮ್ಮ ಕೆಲಸಕ್ಕೆ ಹೋಗುತ್ತಿದ್ದುದರಿಂದ ನನ್ನನ್ನು ಬೆಳೆಸಿದವಳು ಅಜ್ಜಿ. ಅವಳು ಬೆಳೆಸಿದ್ದು ಕತೆ ಹೇಳಿಯೇ. ತುತ್ತಿಗೊಬ್ಬ ರಾಕ್ಷಸ, ಜಡೆಗೊಬ್ಬಳು ರಾಜಕುಮಾರಿ. ಆ ಕತೆಗಳಲ್ಲಿ ಒಬ್ಬರನ್ನೊಬ್ಬರು ಕಂಡ ಗಳಿಗೆಯಲ್ಲೇ ಅವರಿಗೆ ಎಲ್ಲ ತಿಳಿದುಬಿಡುತ್ತಿತ್ತು. ಅವನು ಗಿಳಿಯಾಗಿದ್ದರೂ, ಅವಳು ಕಲ್ಲಾಗಿದ್ದರೂ ಸಂಶಯವೆಂಬುದೇ ಇಲ್ಲ. ನಾನು ದೊಡ್ಡವಳಾಗಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಮೇಜಿಗೆ ಕೂತು, ದವಡೆ ಹಿಡಿದು ಬಂದವರಿಗೆಲ್ಲ "ಸ್ವಲ್ಪ ಕೂತಿರಿ, ಕರೀತಾರೆ" ಎನ್ನುತ್ತ, ಅಂಥದೊಂದು ಗಳಿಗೆ ನನಗೂ ಬಂದೀತೆಂದು ಕಾದಿದ್ದೆ. ಬಂದವನು ವಿರಾಮ. ಬಂದ ಮೇಲೆ ನನಗೆ ಇದ್ದಬದ್ದ ತಿಳಿವಳಿಕೆಯೂ ಹೋಯಿತು.

ಅವನದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಂದವರ ಕಣ್ಣು ಪರೀಕ್ಷಿಸುವುದು, ಗಾಜು ಬದಲಿಸಿ ಬದಲಿಸಿ ಅಕ್ಷರ ಓದಿಸುವುದು.

"ನೀನು ಹಲ್ಲು, ಅವನು ಕಣ್ಣು. ಇನ್ನೊಬ್ಬ ಕಿವಿಯವನು ಸಿಕ್ಕಿಬಿಟ್ರೆ ಮುಖ ಪೂರ್ತಿ ಆಗುತ್ತೆ ಕಣೇ," ಎಂದಳು ನನ್ನ ಪಕ್ಕ ಕೂರುತ್ತಿದ್ದ ಗೆಳತಿ. ಎಂಥ ದೃಶ್ಯ ಬರೆದರೂ ಕೊನೆಗೆ ಯಾರನ್ನಾದರೂ ಬಾಗಿಲಲ್ಲಿ ತಂದು ನಿಲ್ಲಿಸಿ ಮುಂದಿನ ಕಂತಿಗೆ ಕಾಯಿಸುತ್ತಿದ್ದುದರಿಂದ ಅವಳಿಗೆ ಧಾರಾವಾಹಿ ಎಂದೇ ಹೆಸರಾಗಿತ್ತು.

ಮೊದಲು ರಂಗಕ್ಕೆ ಬರೆಯುವುದನ್ನು ಕಲಿತೆವು. ಕೊನೇ ಸಾಲಿನ ತಾತನಿಗೂ ಕೇಳಿಸಬೇಕು ಎಂದರು ಮೇಷ್ಟ್ರು. ಅಲ್ಲಿ ನಾನು ಗೆದ್ದೆ. ಆಮೇಲೆ ಸಿನಿಮಾ. ಹೇಳಬೇಡಿ, ಕಾಣಿಸಿ ಎಂದರು. ಒಬ್ಬಳು ಎರಡು ಲೋಟ ತೊಳೆದು ಒಂದನ್ನು ಮಾತ್ರ ಒರೆಸಿ ಒಳಗಿಡುವ ದೃಶ್ಯವನ್ನು ವಿರಾಮ ಬರೆದು ತಂದ. ಒಂದೂ ಮಾತಿರಲಿಲ್ಲ. ಓದಿ ಮುಗಿಸುವಾಗ ಧಾರಾವಾಹಿ ಮೂಗೊರೆಸಿಕೊಳ್ಳುತ್ತಿದ್ದಳು. ನಾನು ಕಿಟಕಿಯಾಚೆ ಏನೋ ಇದೆಯೆಂಬಂತೆ ನೋಡುತ್ತ ಕೂತೆ.

ರೇಡಿಯೋದಲ್ಲಿ ಮಾತ್ರ ಇಬ್ಬರೂ ಮಣ್ಣುಮುಕ್ಕಿದೆವು.

"ಲೋ ವಿರಾಮ, ನಿನ್ನ ನಾಯಕ ಹಿಂಗೆ ಸುಮ್ಮನೆ ನಿಂತ್ರೆ ಜನ ರೇಡಿಯೋ ಕೆಟ್ಟೋಯ್ತು ಅಂತ ಅದರ ತಲೆ ಮೇಲೆ ಕುಟ್ತಾರೆ. ಅಮ್ಮಾ ಅಜ್ಜಿಕತೆ, ನಿನ್ನ ನಾಯಕಿ ಮಾತು ಕೇಳಿ ಅದೇ ಜನ ಯಾಕಾದ್ರೂ ಸರಿಹೋಯ್ತೋ ಅಂತಾರೆ. ಇಬ್ಬರೂ ಸೇರಿ ಒಂದು ಬರೀರಿ. ಚೆನ್ನಾಗಿ ಬಂದ್ರೆ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸ್ತೀನಿ," ಎಂದರು ಮೇಷ್ಟ್ರು.

ಮೇಷ್ಟ್ರದ್ದು ಒಂದು ಪದ್ಧತಿ. ಪೆನ್ನು ಮುಟ್ಟುವ ಮುಂಚೆ ಬಾಯಲ್ಲಿ ಆಡಬೇಕು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ನಡುವೆ ಫೋನಿಟ್ಟು, ರೆಕಾರ್ಡಿಂಗ್ ಒತ್ತಿ ಮಾತಾಡಬೇಕು. ಆಮೇಲೆ ಅದನ್ನು ಕೇಳಿ ಬರೆದುಕೊಳ್ಳಬೇಕು.

"ರೆಕಾರ್ಡಿಂಗ್ ಓಡ್ತಿರೋವಾಗ ನೀವು ಪಾತ್ರ. ನಿಂತ ಮೇಲೆ ನೀವು ನೀವೇ," ಎಂದು ಬೆರಳೆತ್ತಿದರು. "ಎರಡನ್ನೂ ಕಲಸಬೇಡಿ. ಕಲಸಿ ಕೆಟ್ಟೋರನ್ನ ಬೇಕಾದಷ್ಟು ನೋಡಿದ್ದೀನಿ."

ನಮ್ಮ ನಾಟಕದಲ್ಲಿ ಒಬ್ಬಳು ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹುಡುಗಿ, ಒಬ್ಬ ಪ್ರಯಾಣಿಕ. ಅವನು ದಿನವೂ ಬಂದು ಟಿಕೆಟ್ ಕೊಳ್ಳುತ್ತಾನೆ, ಯಾವ ಬಸ್ಸನ್ನೂ ಹತ್ತುವುದಿಲ್ಲ. ಮೂರನೇ ದೃಶ್ಯದಲ್ಲಿ ತಾನು ಯಾಕೆ ಬರುತ್ತೇನೆಂದು ಅವನು ಬಾಯಿಬಿಡಬೇಕು. ಅವಳು ಬೇಡ ಎನ್ನಬೇಕು. ಇಲ್ಲದಿದ್ದರೆ ನಾಲ್ಕನೇ ದೃಶ್ಯಕ್ಕೆ ಕೆಲಸವೇ ಇಲ್ಲ.

ಉಳಿದವರು ಬರುವ ಮುಂಚೆಯೇ ಬಂದು ನಾವು ಕೂರುತ್ತಿದ್ದೆವು. ಅವನು ಯಾವಾಗಲೂ ಗಿಡ್ಡ ಕುರ್ಚಿ ಆರಿಸಿಕೊಳ್ಳುತ್ತಿದ್ದ. ಹಾಗಾಗಿ ನನ್ನೊಡನೆ ಮಾತಾಡುವಾಗ ಅವನು ತಲೆ ಎತ್ತಬೇಕಿತ್ತು. ದಿನವಿಡೀ ಜನರ ಕಣ್ಣು ನೋಡುವ ಕೆಲಸದವನಲ್ಲವೆ, ಅವನ ನೋಟಕ್ಕೆ ಅವಸರವಿರಲಿಲ್ಲ. ಮೊದಲು ರೆಪ್ಪೆಯ ಹತ್ತಿರ ಬರುತ್ತಿತ್ತು. ಅಲ್ಲಿ ಸ್ವಲ್ಪ ತಡೆದು, ಬರಲೇ ಎಂದು ಕೇಳುವಂತೆ, ಆಮೇಲೆ ಒಳಗೆ.

"ಏನ್ ಹಂಗೆ ನೋಡ್ತಿದ್ದೀಯ?"

"ನಗೋವಾಗ ನಿನ್ನ ಎಡಗಣ್ಣು ಮೊದಲು ನಗುತ್ತೆ. ಬಲಗಣ್ಣು ಆಮೇಲೆ ಯೋಚನೆ ಮಾಡಿ ನಗುತ್ತೆ."

"ಇದನ್ನ ಹೇಳ್ತಿರೋದು ಯಾರು? ನೀನಾ, ಪ್ರಯಾಣಿಕನಾ?"

ಅವನು ಫೋನಿನ ಕಡೆ ನೋಡಿದ. ರೆಕಾರ್ಡಿಂಗ್ ಓಡುತ್ತಿತ್ತು.

"ಪ್ರಯಾಣಿಕ," ಅಂದ.

ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ. ಮಾರನೆಯ ದಿನ ಕ್ಲಿನಿಕ್ಕಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಆ ಮಾತನ್ನು ಬರೆದುಕೊಳ್ಳುವ ನೆಪದಲ್ಲಿ ಮತ್ತೆ ಮತ್ತೆ ಹಾಕಿ ಕೇಳಿದೆ. ನಾನು ಯಾರನ್ನು ಹಚ್ಚಿಕೊಂಡಿದ್ದೇನೆ? ಕನ್ನಡಕದ ಅಂಗಡಿಯವನನ್ನೋ, ಅವನ ಬಾಯಲ್ಲಿ ಹುಟ್ಟಿದ, ಅರ್ಧ ನಾನೇ ಹೆತ್ತ ಆ ಪ್ರಯಾಣಿಕನನ್ನೋ? ಒಬ್ಬನನ್ನು ತೆಗೆದು ಪಕ್ಕಕ್ಕಿಟ್ಟು ಇನ್ನೊಬ್ಬನನ್ನು ನೋಡೋಣವೆಂದರೆ ಇಬ್ಬರದೂ ಒಂದೇ ಗಂಟಲು.

"ಅಮ್ಮಾ, ಹಲ್ಲು..." ಎಂದರು ಎದುರಿಗೆ ನಿಂತಿದ್ದ ಯಜಮಾನರು, ಕೆನ್ನೆ ಹಿಡಿದುಕೊಂಡು. ಎಷ್ಟು ಹೊತ್ತಿಂದ ನಿಂತಿದ್ದರೋ ಪಾಪ.

ಮೂರನೇ ದೃಶ್ಯ ಆಡುವ ದಿನ ಅವನು ಎರಡು ಲೋಟ ಚಹಾ ತಂದಿಟ್ಟ. ನಾನು ರೆಕಾರ್ಡಿಂಗ್ ಒತ್ತಿ ಕಣ್ಣು ಮುಚ್ಚಿಕೊಂಡೆ. ರೇಡಿಯೋಕ್ಕೆ ಬರೆಯೋರು ಮೊದಲು ಕುರುಡಾಗಬೇಕು ಅಂತ ಮೇಷ್ಟ್ರು ಹೇಳಿದ್ದರಿಂದ ನನಗೆ ಹಾಗೆ ಅಭ್ಯಾಸವಾಗಿತ್ತು. ಕೆಳಗಿನ ಅಂಗಡಿಯಲ್ಲಿ ಯಾರೋ ಮರ ಉಜ್ಜುತ್ತಿದ್ದರು. ಅವನು ಬಹಳ ಹೊತ್ತು ಸುಮ್ಮನಿದ್ದ. ಕುಟ್ಟಿಸ್ತಾನೆ ಈ ಮಹರಾಯ ಜನರ ಕೈಲಿ ರೇಡಿಯೋ ತಲೆ ಮೇಲೆ ಎಂದುಕೊಳ್ಳುತ್ತಿರುವಾಗ ಮಾತು ಬಂತು.

"ನಾನು ಇಲ್ಲಿಗೆ ಯಾಕೆ ಬರ್ತೀನಿ ಅಂತ ನೀನು ಕೇಳಲೇ ಇಲ್ಲ. ನನಗೆ ಮಾತು ಬರಲ್ಲ. ಆದ್ರೂ ದಿನಾ ಒಂದು ಮಾತು ಜೋಡಿಸ್ಕೊಂಡು ಬರ್ತೀನಿ. ನೀನು ನಕ್ಕ ತಕ್ಷಣ ಅದು ಮರ್ತುಹೋಗುತ್ತೆ. ವಾಪಸ್ ಹೋಗ್ತಾ ದಾರೀಲಿ ನೆನಪಾಗುತ್ತೆ, ಅಲ್ಲೇ ನಿಂತ್ಕೊಂಡು ಒಬ್ಬನೇ ಹೇಳ್ಕೋತೀನಿ. ಇವತ್ತು ನಗಬೇಡ. ನೀನಿಲ್ಲದ ಸಂಜೆ ನನಗೆ ಬೇಡ."

ಆಹಾ, ಎಂದಿತು ನನ್ನೊಳಗಿನ ಬರಹಗಾರ್ತಿ. ಕೊನೆಗೂ ಪ್ರಯಾಣಿಕನಿಗೆ ಬಾಯಿ ಬಂತು! ತಡೆಯಲಾರದೆ ಕಣ್ಣನ್ನು ಒಂದಿಷ್ಟೇ ತೆರೆದೆ. ಮೇಜಿನ ಮೇಲೆ, ಫೋನಿನ ಪಕ್ಕದಲ್ಲಿ ಅವನ ಕೈ ಇತ್ತು. ಗಾಜು ಉಜ್ಜಿ ಉಜ್ಜಿ ನುಣುಪಾದ ಬೆರಳುಗಳು. ನಡುಗುತ್ತಿದ್ದವು. ಎಷ್ಟೋ ಹೊತ್ತು ಅವನ್ನೇ ನೋಡಿದೆ. ಆಮೇಲೆ ನನ್ನ ಸರದಿ ನೆನಪಾಗಿ, ಮತ್ತೆ ಕಣ್ಣು ಮುಚ್ಚಿ, ಟಿಕೆಟ್ ಕಿಟಕಿಯ ಹುಡುಗಿಯನ್ನು ಮೈಮೇಲೆ ಬರಿಸಿಕೊಂಡು ಹೇಳಿದೆ.

"ನನ್ನನ್ನ ನೋಡೋದು ನಿನಗೆ ರೂಢಿ ಆಗಿದೆ, ಅಷ್ಟೇ. ರೂಢಿಗೆ ದೊಡ್ಡ ಹೆಸರು ಇಡಬೇಡ. ನಾಲ್ಕು ದಿನ ಬರದೇ ಇದ್ದು ನೋಡು, ಮರ್ತುಹೋಗುತ್ತೆ. ನಾಳೆಯಿಂದ ಬರಬೇಡ."

ಉಸಿರಿಗೆ ಜಾಗ ಬಿಟ್ಟು, ಒಂದು ಮಾತೂ ಹೆಚ್ಚಿಲ್ಲದೆ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿರಲಿಲ್ಲ.

"ಸರಿ," ಎಂದ.

ಕುರ್ಚಿ ಸರಿದ ಸದ್ದು. ಹೆಜ್ಜೆ ಸದ್ದು. ಮೆಟ್ಟಿಲಿಳಿದ ಸದ್ದು. ಅರೆ, ನಿರ್ಗಮನದ ಸದ್ದನ್ನೂ ಎಷ್ಟು ಅಚ್ಚುಕಟ್ಟಾಗಿ ಕೊಡುತ್ತಿದ್ದಾನೆ ಎಂದು ಮೆಚ್ಚಿಕೊಂಡೇ ಕಣ್ಣು ತೆರೆದೆ. ಅವನ ಚಹಾ ಹಾಗೇ ಇತ್ತು. ತರಗತಿ ಶುರುವಾಯಿತು, ಮುಗಿಯಿತು. ಅವನು ಬರಲಿಲ್ಲ.

ಮಾರನೆಯ ದಿನವೂ ಬರಲಿಲ್ಲ. ಜ್ವರವಿರಬೇಕು ಅಂದುಕೊಂಡೆ. ಮನೆಯಲ್ಲಿ ಬರೆದುಕೊಳ್ಳಲು ಕೂತು ಫೋನ್ ತೆಗೆದರೆ, ರೆಕಾರ್ಡಿಂಗಿನಲ್ಲಿ ನನ್ನ ಗಂಟಲು ಸರಿಮಾಡಿಕೊಂಡ ಸದ್ದು, ಮರ ಉಜ್ಜುವ ಸದ್ದು, ಅಷ್ಟಕ್ಕೇ ನಿಂತಿದೆ. ಮುಂದಿನದು ಇಲ್ಲ. ಫೋನಿನಲ್ಲಿ ಜಾಗವಿಲ್ಲ ಎಂಬ ಸೂಚನೆ. ಜಾಗವೆಲ್ಲ ಅಜ್ಜಿಯ ಕತೆಗಳಿಗೆ ಹೋಗಿತ್ತು. ಅವಳು ಹೇಳಿದ್ದನ್ನೆಲ್ಲ ನಾನು ಹಿಡಿದಿಟ್ಟುಕೊಳ್ಳುತ್ತಿದ್ದೆ.

ಮೊದಲು ಬಂದದ್ದು ಸಿಟ್ಟು: ಅಯ್ಯೋ, ಎಂಥ ದೃಶ್ಯ ಹಾಳಾಯಿತು! ಆಮೇಲೆ ಮೆಲ್ಲಗೆ, ತಣ್ಣನೆಯ ನೀರು ಬೆನ್ನಿಗೆ ಇಳಿದಂತೆ, ಇನ್ನೊಂದು ಯೋಚನೆ ಇಳಿಯಿತು. ಅವನು ಮಾತಾಡುವಾಗ ರೆಕಾರ್ಡಿಂಗ್ ಓಡುತ್ತಿರಲಿಲ್ಲ. ಫೋನು ಅವನ ಎದುರಿಗಿತ್ತು, ಅವನ ಕಣ್ಣು ತೆರೆದಿತ್ತು. ಮೇಷ್ಟ್ರ ಕಟ್ಟಳೆಯಂತೆ ನೋಡಿದರೆ ಆ ಮಾತು ಹೇಳಿದವನು ಪ್ರಯಾಣಿಕನಲ್ಲ.

ಅಥವಾ ಅವನೂ ಗಮನಿಸಿರಲಿಲ್ಲವೆ? ಗಮನಿಸಿಲ್ಲದಿದ್ದರೆ ಯಾಕೆ ಬರುತ್ತಿಲ್ಲ? ನಿಜಕ್ಕೂ ಜ್ವರವಿದ್ದರೆ?

ಆಮೇಲೊಂದು ಸಂಜೆ ಬಂದ. ಬಂದವನು ಧಾರಾವಾಹಿಯ ಪಕ್ಕ ಕೂತ. ನನಗೆ ಒಂದು ನಮಸ್ಕಾರ ಮಾಡಿದ, ಬ್ಯಾಂಕಿನಲ್ಲಿ ಮಾಡುವಂಥದ್ದು.

"ನನ್ನ ಜೊತೆ ಬರೀತಾನಂತೆ ಕಣೇ ಇನ್ಮೇಲೆ. ಮೇಷ್ಟ್ರನ್ನ ಕೇಳ್ದ," ಎಂದು ಧಾರಾವಾಹಿ ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದಳು. "ಈ ಸ್ಟುಡಿಯೋ ರೆಕಾರ್ಡಿಂಗ್ ಒಂದು ಮುಗಿದ್ರೆ ಸಾಕಂತೆ. ಏನಾಯ್ತೇ? ಒಂದೇ ಎಪಿಸೋಡಲ್ಲಿ ಹೇಳು, ನನಗೆ ತಡೆಯೋಕಾಗಲ್ಲ."

"ಏನಾಯ್ತು ಅಂತ ನನಗೇ ಗೊತ್ತಿಲ್ಲ," ಅಂದೆ. ಅಂಥ ಸತ್ಯವನ್ನು ನಾನು ಎಂದೂ ಹೇಳಿರಲಿಲ್ಲ.

ಅಜ್ಜಿ ಮಾತ್ರ ನನ್ನ ಮುಖ ನೋಡಿದ್ದೇ ತಡ, ಬಿಡಿಸುತ್ತಿದ್ದ ಬಟಾಣಿ ಪಕ್ಕಕ್ಕಿಟ್ಟಳು. ಎಲ್ಲ ಹೇಳಿಸಿಕೊಂಡಳು.

"ಈಗ ಕೇಳೋದು ಹೆಂಗಜ್ಜಿ? ನಿಜವಾಗ್ಲೂ ಹೇಳಿದ್ಯಾ ಅಂತ ಕೇಳ್ತೀನಿ. ಅವನು, ಇಲ್ಲಮ್ಮ, ಅದು ಬರೀ ನಾಟಕ ಅಂದುಬಿಟ್ರೆ ನನ್ನ ಮುಖ ಎಲ್ಲಿಟ್ಕೊಳ್ಲಿ?"

"ಕುತ್ತಿಗೆ ಮೇಲೇ ಇಟ್ಕೋ, ಬಿದ್ದೇನೂ ಹೋಗಲ್ಲ."

"ನಿನ್ನ ಕತೆಗಳಲ್ಲಿ ರಾಜಕುಮಾರಿಯರು ಹಿಂಗೆ ಹೋಗಿ ಕೇಳ್ತಿದ್ರಾ? ಒಬ್ಬಳೂ ಕೇಳ್ಲಿಲ್ಲ."

"ಅವರು ಕೇಳಿಬಿಟ್ಟಿದ್ರೆ ಕತೆ ಅಲ್ಲೇ ಮುಗೀತಿತ್ತಲ್ಲೇ, ಪೆದ್ದೀ. ನೀನು ಊಟ ಮಾಡೋತನಕ ನಾನು ಅದನ್ನ ಎಳೀಬೇಕಿತ್ತು." ಅಜ್ಜಿ ಮತ್ತೆ ಬಟಾಣಿಗೆ ಕೈ ಹಾಕಿದಳು. "ಈಗ ನಿನಗೆ ಕತೆ ಉದ್ದ ಆಗ್ಬೇಕೋ, ಹುಡುಗ ಬೇಕೋ? ಅದನ್ನ ಮೊದಲು ನೋಡ್ಕೋ."

ಕೇಳಿಯೇಬಿಡುತ್ತೇನೆಂದು ಕನ್ನಡಕದ ಅಂಗಡಿಗೆ ಹೋದೆ. ಗಲ್ಲಾದಲ್ಲಿ ಅಂಗಡಿಯ ಯಜಮಾನರು ಕೂತಿದ್ದರು. ಏನು ಬೇಕೆಂದು ಅವರು ಕೇಳಿದಾಗ ನನ್ನ ಬಾಯಿಂದ ಬಂದದ್ದು, "ಕಣ್ಣು ಮಂಜಾಗ್ತಿದೆ."

ಒಳಗಿನ ಕತ್ತಲೆ ಕೋಣೆಯಲ್ಲಿ ಅವನು ಭಾರದ ಕಬ್ಬಿಣದ ಚೌಕಟ್ಟೊಂದನ್ನು ನನ್ನ ಮೂಗಿನ ಮೇಲೆ ಕೂರಿಸಿದ. ಅಷ್ಟು ಹತ್ತಿರ ಬಂದಿದ್ದ. ಆದರೆ ನೋಟ ರೆಪ್ಪೆಯ ಬಳಿಗೂ ಬರಲಿಲ್ಲ, ಗಾಜಿನ ಮೇಲೇ ನಿಂತಿತ್ತು. ಬಾಗಿಲು ತೆರೆದೇ ಇತ್ತು. ಯಜಮಾನರು ಅಲ್ಲೇ ಕೆಮ್ಮುತ್ತಿದ್ದರು.

"ಇದು ಸ್ಪಷ್ಟನಾ, ಮೊದಲಿಂದು ಸ್ಪಷ್ಟನಾ?"

"ಎರಡೂ ಒಂದೇ ಥರ."

ಇನ್ನೊಂದು ಗಾಜು ಹಾಕಿದ. "ಈಗ?"

"ಈಗಲೂ ಗೊತ್ತಾಗ್ತಿಲ್ಲ. ವಿರಾಮ, ಆವತ್ತು..."

"ಮೂರನೇ ದೃಶ್ಯ ನೀನೇ ಬರೆದುಬಿಡು," ಎಂದ ಗಾಜು ಒರೆಸುತ್ತ. "ನಿನ್ನ ಉತ್ತರದಲ್ಲಿ ತಿದ್ದೋಂಥದ್ದು ಏನೂ ಇಲ್ಲ. ಕಣ್ಣೂ ಸರಿಯಾಗಿದೆ. ಕನ್ನಡಕ ಬೇಕಾಗಿಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ! ಉತ್ತರವೆಂದರೆ ಯಾವುದು, ನಾಟಕದ ಉತ್ತರವೋ ನನ್ನದೋ? ಬರೆದುಬಿಡು ಎಂದನಲ್ಲ, ಹಾಗಾದರೆ ಅದು ನಾಟಕವೇ ಇದ್ದೀತು. ನನ್ನನ್ನು ನಾನು ಹಾಗೆ ಒಪ್ಪಿಸಿಕೊಂಡು ಬರೆಯಲು ಕೂತೆ. ರೆಕಾರ್ಡಿಂಗ್ ಬೇಕಾಗಲಿಲ್ಲ. ಅವನ ಒಂದೊಂದು ಮಾತೂ, ಎಲ್ಲಿ ಉಸಿರು ತೆಗೆದುಕೊಂಡ ಎಂಬುದು ಕೂಡ, ನನಗೆ ಬಾಯಿಪಾಠವಾಗಿತ್ತು. ಮೇಷ್ಟ್ರು ಓದಿ, "ಇಡೀ ನಾಟಕಕ್ಕೆ ಈ ಮಾತೇ ಜೀವ," ಎಂದು ನನ್ನ ಬೆನ್ನು ತಟ್ಟಿದರು. ವಿರಾಮ ಹಾಳೆ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಸ್ಟುಡಿಯೋದಲ್ಲಿ ಒಂದು ದೊಡ್ಡ ಗಾಜು. ಆಚೆ ಮೈಕಿನ ಮುಂದೆ ನಟ, ನಟಿ, ತಟ್ಟೆಯಲ್ಲಿ ಜಲ್ಲಿಕಲ್ಲು ಹರವಿಕೊಂಡು ಹೆಜ್ಜೆ ಸದ್ದು ಮಾಡುವವರು. ಈಚೆ ಯಂತ್ರಗಳ ಮುಂದೆ ಮೇಷ್ಟ್ರು, ಹಿಂದೆ ನಾನು, ನನ್ನಿಂದ ಒಂದು ಖಾಲಿ ಕುರ್ಚಿ ಬಿಟ್ಟು ವಿರಾಮ. ಬರೆದವರಿಬ್ಬರೂ ಇರಲೇಬೇಕೆಂದು ಮೇಷ್ಟ್ರು ಕಟ್ಟಪ್ಪಣೆ ಮಾಡಿದ್ದರು.

ನಟನದು ತುಂಬಿದ ದನಿ. ಜೇನು ಸುರಿದ ಹಾಗೆ. ಎಡಗಣ್ಣು ಮೊದಲು ನಗುವ ಮಾತನ್ನು ಅವನು ಹೇಳಿದಾಗ ಆಚೆಯಿದ್ದ ನಟಿ ನಿಜವಾಗಿಯೂ ನಾಚಿದಳು. ನಾನು ಕಣ್ಣು ಮುಚ್ಚಿ ಕಾದೆ. ಏನೂ ಆಗಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯಂತೆ ನನ್ನ ಎದೆ ಮರಗಟ್ಟಿ ಕೂತಿತ್ತು. ಅದೇ ಪ್ರಯಾಣಿಕ, ಅದೇ ಮಾತು. ಆದರೆ ಅವನು ನನಗೆ ಯಾರೋ ದಾರಿಹೋಕ.

ಹಾಗಾದರೆ ಇಷ್ಟು ದಿನ...

"ಮೂರನೇ ದೃಶ್ಯ," ಎಂದರು ಮೇಷ್ಟ್ರು.

"ನನಗೆ ಮಾತು ಬರಲ್ಲ," ಎಂಬಲ್ಲಿಗೆ ನಟ ಬಂದ. "ಆದ್ರೂ ದಿನಾ ಒಂದು ಮಾತು ಜೋಡಿಸ್ಕೊಂಡು ಬರ್ತೀನಿ. ನೀನು ನಕ್ಕ ತಕ್ಷಣ..."

ಕುರ್ಚಿ ಸರಿಯಿತು. ತಿರುಗಿ ನೋಡುವಷ್ಟರಲ್ಲಿ ವಿರಾಮ ಬಾಗಿಲು ತಳ್ಳಿಕೊಂಡು ಹೋಗಿದ್ದ.

"ಏನಾಯ್ತಮ್ಮ ಇವನಿಗೆ?" ಎಂದರು ಮೇಷ್ಟ್ರು. ನಾನು ಆಗಲೇ ಓಡುತ್ತಿದ್ದೆ.

ಓಣಿಯಂಥ ಉದ್ದನೆಯ ಹಾದಿಯ ತುದಿಯಲ್ಲಿ, ನೀರಿನ ಕ್ಯಾನಿನ ಪಕ್ಕದಲ್ಲಿ ಅವನು ಗೋಡೆಗೆ ಮುಖ ಮಾಡಿ ನಿಂತಿದ್ದ.

"ವಿರಾಮ."

"ನೀನು ಬೇಡ ಅಂದೆ. ಸರಿ ಅಂದೆ ನಾನು. ಒಂದು ಮಾತು ಎದುರು ಆಡಿದ್ನಾ?" ತಿರುಗಿದಾಗ ಅವನ ಮುಖ ನೋಡಲಾಗಲಿಲ್ಲ. "ದೃಶ್ಯ ಬರಿ ಅಂದ್ರೆ ನೀನು ಬೇರೆ ಏನಾದ್ರೂ ಬರೀತೀಯ ಅಂದ್ಕೊಂಡೆ. ಬೇಡ ಅಂದಮೇಲೆ ಬಿಸಾಕಬೇಕಿತ್ತು. ಇಟ್ಕೊಂಡು ಊರಿಗೆಲ್ಲ ಕೇಳಿಸ್ಬೇಕಾಗಿತ್ತಾ?"

"ಬೇಡ ಅಂದವಳು ನಾನಲ್ಲ! ಕಿಟಕಿ ಹುಡುಗಿ!"

"ರೆಕಾರ್ಡಿಂಗ್ ನಿಂತಿತ್ತು."

"ನಿಂತಿದ್ದು ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ನೋಡಿದಾಗ್ಲೇ ಗೊತ್ತಾಗಿದ್ದು."

"ಸುಳ್ಳು. ನೀನು ಕಣ್ಣು ಬಿಟ್ಟು ಫೋನ್ ನೋಡಿದೆ. ಚೆನ್ನಾಗೇ ನೋಡಿದೆ. ನೋಡಿ, ಆಮೇಲೆ ಉತ್ತರ ಕೊಟ್ಟೆ. ಇನ್ನೇನು ಬೇಕು ನನಗೆ?"

"ಫೋನ್ ನೋಡ್ಲಿಲ್ಲ."

"ಮತ್ತೆ ಏನ್ ನೋಡಿದೆ?"

ಅಜ್ಜಿಯ ಯಾವ ಕತೆಯಲ್ಲೂ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಕಿವಿಯಿಂದ ಕಿವಿಗೆ ಮುಖ ಕಾದುಹೋಯಿತು.

"ನಿನ್ನ ಬೆರಳು."

"ಬೆರಳಾ?"

"ಪಕ್ಕದಲ್ಲೇ ಇತ್ತು. ನಡುಗ್ತಿತ್ತು. ಎಷ್ಟು ಚೆನ್ನಾಗಿ ಆಕ್ಟ್ ಮಾಡ್ತಾನೆ ಅಂದ್ಕೊಂಡು..." ಹಣೆ ಚಚ್ಚಿಕೊಂಡೆ. "ನನ್ನ ಬುದ್ಧಿಗಿಷ್ಟು."

ಅವನು ತನ್ನ ಬೆರಳುಗಳನ್ನು ಎತ್ತಿ ನೋಡಿಕೊಂಡ, ಬೇರೆ ಯಾರದೋ ಕೈ ಎಂಬಂತೆ.

"ನಾನೂ ಒಂದು ನಿಜ ಹೇಳ್ತೀನಿ," ಎಂದ ಮೆಲ್ಲಗೆ. "ಪ್ರಯಾಣಿಕನ ಮಾತೇ ಹೇಳೋಣ ಅಂತ ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ಅದು ನಿಂತಿದ್ದು ಕಾಣಿಸ್ತು. ಇನ್ನು ಅವನ ಹೆಸರಲ್ಲಿ ಹೇಳೋ ಹಾಗಿಲ್ಲವಲ್ಲ ಅಂತ ಗಾಬರಿ ಆಯ್ತು. ಸುಮ್ಮನಿದ್ದುಬಿಡೋಣ ಅನ್ನಿಸ್ತು. ಆದ್ರೆ ಯಾಕೋ ಬಾಯಿ ಮುಚ್ಚಲೇ ಇಲ್ಲ."

ಈಗ ಹೇಳಬೇಕಾದವಳು ನಾನು. ಮಾತಿಗೆ ನನ್ನಲ್ಲಿ ಬರವೇ? ಚಂದದ ಮಾತೊಂದನ್ನು ಹುಡುಕಿದೆ. ಏಳು ಸಮುದ್ರ, ಮುತ್ತಿನ ಚಪ್ಪರ, ಎಲ್ಲ ಕೈಕೊಟ್ಟವು.

"ನೀನು ಬರದ ದಿನ ಬಲಗಡೆ ಹಲ್ಲು ನೋವಿನವರಿಗೆ ಎಡಗಡೆ ಅಂತ ಬರೆದೆ. ಡಾಕ್ಟರ್ ಹತ್ರ ಬೈಸ್ಕೊಂಡೆ," ಅಂದೆ. "ಒಳಗೆ ಪ್ರಯಾಣಿಕ ಅಷ್ಟೆಲ್ಲ ಮಾತಾಡಿದ. ನನಗೆ ಏನೂ ಆಗ್ಲಿಲ್ಲ. ನೀನು ಎದ್ದು ಹೋದ ಸದ್ದು ಕೇಳಿದಾಗ ಆಯ್ತು. ನನಗೆ ನೀನು ಇಷ್ಟ. ಅವನಲ್ಲ. ನೀನು."

"ಇದು ಚೆನ್ನಾಗಿಲ್ಲ," ಎಂದ ಅವನು. ಕಣ್ಣು ತುಂಬಿತ್ತು, ತುಟಿಯ ಅಂಚಿನಲ್ಲಿ ಏನೋ ಅಲುಗುತ್ತಿತ್ತು. "ಡೈಲಾಗ್ ಆಗಿ ನೋಡಿದ್ರೆ ಏನೇನೂ ಚೆನ್ನಾಗಿಲ್ಲ."

"ಗೊತ್ತು."

"ಇನ್ನೊಂದು ಸಲ ಹೇಳು."

"ಹಲ್ಲಿಂದ ಶುರು ಮಾಡ್ಲಾ?"

ಅವನು ನಕ್ಕ. ನೋಟ ರೆಪ್ಪೆಯ ಬಳಿ ಬಂತು, ಈ ಸಲ ಬರಲೇ ಎಂದು ಕೇಳದೆ ಒಳಗೇ ಬಂತು.

"ಅಲ್ರಪ್ಪಾ, ಒಳಗೆ ಇಬ್ಬರು ಬಾಯಿ ತೆರ್ಕೊಂಡು ನಿಂತಿದ್ದಾರೆ!" ಬಾಗಿಲಲ್ಲಿ ಮೇಷ್ಟ್ರು. ಧಾರಾವಾಹಿ ಇದ್ದಿದ್ದರೆ ಇಲ್ಲಿಗೇ ನಿಲ್ಲಿಸುತ್ತಿದ್ದಳು.

"ಸಾರ್, ಆ ಮಾತು ತೆಗೀಬೇಕು," ಅಂದೆ.

"ಯಾವುದು? ಜೀವ ಇರೋದೇ ಅದೊಂದು!"

"ಅದು ಪ್ರಯಾಣಿಕನದಲ್ಲ ಸಾರ್. ತಪ್ಪಿ ಅವನ ಹತ್ರ ಹೋಗಿದೆ."

ಮೇಷ್ಟ್ರು ನನ್ನನ್ನು ನೋಡಿದರು, ಅವನನ್ನು ನೋಡಿದರು, ಆಮೇಲೆ ನೀರಿನ ಕ್ಯಾನನ್ನು ನೋಡಿದರು. "ಕಲಸಿಬಿಟ್ರಾ?" ಎಂದು ನಿಟ್ಟುಸಿರುಬಿಟ್ಟರು. "ಹಾಳಾಗ್ಹೋಗಿ. ಹತ್ತು ನಿಮಿಷ ಕೊಡ್ತೀನಿ, ಬೇರೆ ಬರ್ಕೊಂಡು ಬನ್ನಿ."

ಹೊರಗಿನ ಮೆಟ್ಟಿಲ ಮೇಲೆ, ತೊಡೆಗೆ ತೊಡೆ ತಾಗಿಸಿಕೊಂಡು, ಸ್ಕ್ರಿಪ್ಟಿನ ಹಿಂಬದಿಯಲ್ಲಿ ಬರೆಯಲು ಕೂತೆವು. ಒಂದು ಮಾತೂ ಹೊಳೆಯಲಿಲ್ಲ. ಅವನು ಒಂದು ಪದ ಬರೆದರೆ ನಾನು ನಗುತ್ತಿದ್ದೆ, ಅವನಿಗೆ ಮುಂದಿನದು ಮರೆತುಹೋಗುತ್ತಿತ್ತು. ಕೊನೆಗೆ ಏನೋ ಒಂದು ಗೀಚಿ ಒಳಗೆ ಕೊಟ್ಟೆವು.

ಗಾಜಿನಾಚೆ ನಟ ಅದನ್ನು ಓದಿ ಹುಬ್ಬು ಗಂಟಿಕ್ಕಿದ. ಸ್ಪೀಕರಿನಲ್ಲಿ ಅವನ ತುಂಬಿದ ದನಿ ಕೇಳಿಸಿತು. "'ನಿನ್ನ ಕಿಟಕಿ ಹತ್ರ ನೆರಳು ಚೆನ್ನಾಗಿದೆ, ಅದಕ್ಕೇ ಬರ್ತೀನಿ.' ಏನ್ರೀ ಇದು? ಹಳೇದೇ ಚೆನ್ನಾಗಿತ್ತಲ್ರೀ."

ಮೇಷ್ಟ್ರು ಕೈ ಕಟ್ಟಿಕೊಂಡು ಹಿಂದಕ್ಕೆ ಒರಗಿದರು. ನೀವೇ ಹೇಳಿಕೊಳ್ಳಿ ಎಂಬಂತೆ ಮೈಕಿನ ಗುಂಡಿ ತೋರಿಸಿದರು. ವಿರಾಮ ತಲೆ ತಗ್ಗಿಸಿ ಕೂತ. ಅವನ ಕಿವಿಗಳೆರಡೂ ಕೆಂಪಾಗಿದ್ದವು. ನಾನು ಬಗ್ಗಿ ಗುಂಡಿ ಒತ್ತಿದೆ.

"ಚೆನ್ನಾಗಿತ್ತು ಸಾರ್," ಅಂದೆ. "ಅದಕ್ಕೇ ಅದು ನನಗೆ ಬೇಕು."